ದೇಶದ ಸಾರಿಗೆ ನೀತಿಯಲ್ಲಿ ಪರಿಸರಕ್ಕೆ ಎಷ್ಟು ಜಾಗ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ತೆಗೆದರೆ ಸಾಕು, ನಮ್ಮ ಕಡೆ ಮಾತು ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಮೀಸಲು ದಾರಿಯಲ್ಲಿ ಓಡುವ ಚಿಗರಿ ಬಸ್ಸಿಗೆ ಬರುತ್ತದೆ, ಅಲ್ಲಿಂದ ಅದರ ದಾರಿಗೆ ಕಡಿದ ಮರಗಳಿಗೆ, ಅಲ್ಲಿಂದ ಇನ್ನೂ ಆಗದ ಹುಬ್ಬಳ್ಳಿ-ಅಂಕೋಲಾ ರೈಲಿಗೆ. ದಿಲ್ಲಿಯಲ್ಲಿ ಬರೆಯುವ ನೀತಿಗೂ ನಮ್ಮೂರಿನ ಬಸ್ ನಿಲ್ದಾಣಕ್ಕೂ ಇರುವ ಸಂಬಂಧವನ್ನು ಆದಷ್ಟು ಸರಳವಾಗಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಸಾರಿಗೆ ನೀತಿಯೊಳಗೆ ಪರಿಸರದ ಗುರಿ ಸೇರಿಸೋದು ಅಂದ್ರೆ ಏನು?

ರಸ್ತೆ, ರೈಲು, ಬಸ್ಸಿನ ಯೋಜನೆ ಹಾಕುವಾಗಲೇ ಹೊಗೆ, ಧೂಳು, ಸದ್ದು, ಮರ, ಕೆರೆ, ಕಾಡು ಇವುಗಳ ಲೆಕ್ಕವನ್ನೂ ಹಿಡಿಯುವುದು. ಈಗ ಸಾಮಾನ್ಯವಾಗಿ ಆಗುವುದೇ ಬೇರೆ. ರಸ್ತೆ ಎಲ್ಲಿ ಹೋಗಬೇಕು, ಎಷ್ಟು ಅಗಲ ಇರಬೇಕು, ದುಡ್ಡು ಎಷ್ಟು, ಎಲ್ಲ ತೀರ್ಮಾನ ಆಗಿರುತ್ತದೆ, ಆಮೇಲೆ ಕಡತ ಪರಿಸರದ ಅನುಮತಿಗೆ ಹೋಗುತ್ತದೆ. ಅಷ್ಟೊತ್ತಿಗೆ ಕೇಳಲು ಉಳಿಯುವುದು ಎಷ್ಟು ಮರ ಕಡಿಯಬೇಕು, ಅದಕ್ಕೆ ಎಷ್ಟು ಸಸಿ ನೆಡಬೇಕು ಅನ್ನುವುದು ಮಾತ್ರ. "ರಸ್ತೆ ಅಗಲ ಮಾಡುವ ಬದಲು ಬಸ್ಸು ಜಾಸ್ತಿ ಬಿಟ್ಟರೆ ಸಾಲದೇ?" ಅಂತ ಕೇಳುವ ಹೊತ್ತು ದಾಟಿರುತ್ತದೆ.

ಸಾರಿಗೆ ತಜ್ಞರು ಇದಕ್ಕೆ ಮೂರು ಹೆಜ್ಜೆ ಹೇಳುತ್ತಾರೆ. ಮೊದಲು ಬೇಡದ ಓಡಾಟ ತಪ್ಪಿಸಿ. ಆಮೇಲೆ ಉಳಿದ ಓಡಾಟವನ್ನು ಬಸ್ಸು, ರೈಲು, ಸೈಕಲ್, ಕಾಲ್ನಡಿಗೆಗೆ ತಿರುಗಿಸಿ. ಕೊನೆಗೆ ಗಾಡಿಯನ್ನೂ ಇಂಧನವನ್ನೂ ಸುಧಾರಿಸಿ. ನಮ್ಮ ಸರ್ಕಾರಗಳು ಬಹಳ ಸಲ ಮೂರನೆಯದರಿಂದಲೇ ಶುರು ಮಾಡಿ ಅಲ್ಲೇ ನಿಂತುಬಿಡುತ್ತವೆ, ಯಾಕೆಂದರೆ ಹೊಸ ಗಾಡಿ ಮಾರುವುದು ಸುಲಭ, ಊರಿನ ರಸ್ತೆಯ ಜಾಗವನ್ನು ಮರುಹಂಚಿಕೆ ಮಾಡುವುದು ಕಷ್ಟ.

ಭಾರತಕ್ಕೆ ಒಂದೇ ಒಂದು ರಾಷ್ಟ್ರೀಯ ಸಾರಿಗೆ ನೀತಿ ಇದೆಯಾ?

ಎಲ್ಲವನ್ನೂ ಒಂದೇ ಕಡೆ ಹೇಳುವ, ಎಲ್ಲ ಇಲಾಖೆಗಳೂ ಪಾಲಿಸಲೇಬೇಕಾದ ಒಂದು ನೀತಿ ಇಲ್ಲ. ತುಂಡು ತುಂಡಾಗಿದೆ. ನಗರಗಳಿಗೆ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ. ಸರಕಿಗೆ 2022ರ ಲಾಜಿಸ್ಟಿಕ್ಸ್ ನೀತಿ. ಜೈವಿಕ ಇಂಧನಕ್ಕೆ 2018ರ ನೀತಿ. ಹೆದ್ದಾರಿ ಬದಿಯ ಮರಗಳಿಗೆ 2015ರ ಹಸಿರು ಹೆದ್ದಾರಿ ನೀತಿ. ರೈಲು, ಹೆದ್ದಾರಿ, ಹಡಗು, ವಿಮಾನ, ನಗರ ಎಲ್ಲಕ್ಕೂ ಬೇರೆ ಬೇರೆ ಸಚಿವಾಲಯ. ಅರ್ಥಶಾಸ್ತ್ರಜ್ಞ ರಾಕೇಶ್ ಮೋಹನ್ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಕೊಟ್ಟ ದೊಡ್ಡ ವರದಿಯಲ್ಲಿ, ಸಾರಿಗೆಯನ್ನೆಲ್ಲ ಒಂದೇ ಸಚಿವಾಲಯದ ಕೆಳಗೆ ತರುವ ಸಲಹೆ ಇತ್ತು. ಅದು ಇನ್ನೂ ಆಗಿಲ್ಲ.

ಸಂವಿಧಾನದಲ್ಲೂ ಹಂಚಿಕೆ ಹಾಗೇ ಇದೆ. ರೈಲು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಉಳಿದ ರಸ್ತೆಗಳು ರಾಜ್ಯದವು. ಮೋಟಾರು ವಾಹನದ ಕಾನೂನು ಇಬ್ಬರಿಗೂ ಸೇರಿದ್ದು. ಹಾಗಾಗಿ ಗುರಿ ಬರೆಯುವವರು ಒಬ್ಬರು, ರಸ್ತೆ ಮಾಡುವವರು ಇನ್ನೊಬ್ಬರು, ಬಸ್ಸು ಓಡಿಸುವವರು ಮತ್ತೊಬ್ಬರು, ಧೂಳು ಕುಡಿಯುವವರು ನಾವು.

ಸರಿ, ಬರೆದಿಟ್ಟ ಗುರಿಗಳಾದರೂ ಏನಿವೆ?

ಮುಖ್ಯವಾದವು ಇಷ್ಟು. 2070ಕ್ಕೆ ದೇಶದ ನಿವ್ವಳ ಇಂಗಾಲ ಸೊನ್ನೆಗೆ ಬರಬೇಕು (ಅಂದರೆ ಹೊರಬಿಟ್ಟಷ್ಟನ್ನೂ ಮರಳಿ ಹೀರಿಕೊಳ್ಳುವಂತಾಗಬೇಕು), ಇದನ್ನು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಪ್ರಧಾನಿ ಹೇಳಿದರು. 2005ಕ್ಕೆ ಹೋಲಿಸಿದರೆ, ದೇಶದ ಒಟ್ಟು ಉತ್ಪನ್ನದ ಪ್ರತಿ ರೂಪಾಯಿಗೆ ಹೊರಬರುವ ಇಂಗಾಲವನ್ನು 2030ರೊಳಗೆ 45 ಪ್ರತಿಶತ ಇಳಿಸಬೇಕು. ನಿವ್ವಳ ಇಂಗಾಲ ಸೊನ್ನೆಗೆ ತರಲು ರೈಲ್ವೆ ತನ್ನ ಮಟ್ಟಿಗೆ 2030ನ್ನೇ ಗಡುವು ಮಾಡಿಕೊಂಡಿದೆ. ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು 45 ಪ್ರತಿಶತಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ. ಗಾಳಿಯ ವಿಷಯಕ್ಕೆ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಇದೆ.

ಇದರಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರು ಎಲ್ಲಾದರೂ ಇದೆಯಾ?

ಇದೆ. ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ. ಗಾಳಿಯಲ್ಲಿ ತೇಲುವ ಕಣಗಳು ಮಿತಿಗಿಂತ ಜಾಸ್ತಿ ಇರುವುದರಿಂದ ಈ ಪಟ್ಟಿಗೆ ಸೇರಿಸಿದ್ದು, ಇದು ಹೆಮ್ಮೆಯ ಪಟ್ಟಿ ಅಲ್ಲ. ಮೊದಲಿಗೆ 2017ರ ಮಟ್ಟದಿಂದ 20ರಿಂದ 30 ಪ್ರತಿಶತ ಇಳಿಸಬೇಕು ಅಂತಿತ್ತು, ಆಮೇಲೆ ಅದನ್ನು 2025-26ರೊಳಗೆ 40 ಪ್ರತಿಶತಕ್ಕೆ ಏರಿಸಿದರು.

ನಮ್ಮಲ್ಲಿ ಹೊಗೆಯ ಜೊತೆಗೆ ಧೂಳು ದೊಡ್ಡ ಸಮಸ್ಯೆ. ಮಳೆಗಾಲದಲ್ಲಿ ರಸ್ತೆ ಬದಿ ರಾಡಿ ಕೂರುತ್ತದೆ, ಬೇಸಿಗೆ ಬಂದ ಮೇಲೆ ಅದೇ ರಾಡಿ ಒಣಗಿ, ಗಾಡಿಗಳ ಚಕ್ರಕ್ಕೆ ಸಿಕ್ಕಿ ಮೇಲೇಳುತ್ತದೆ. ಕೇಬಲ್ಲಿಗೋ ಪೈಪಿಗೋ ಅಗೆದು ಹಾಗೇ ಬಿಟ್ಟ ಗುಂಡಿ ಇದ್ದರಂತೂ ಮುಗೀತು. ಹಾಗಾಗಿ ಅಗೆದ ರಸ್ತೆಯನ್ನು ಇಷ್ಟು ದಿನದೊಳಗೆ ಮುಚ್ಚಲೇಬೇಕು ಅನ್ನುವ ಒಂದು ಗಟ್ಟಿ ನಿಯಮ, ಅದಕ್ಕೆ ದಂಡ, ಇದೂ ಸಾರಿಗೆಯ ಪರಿಸರ ನೀತಿಯೇ. ಇಂಥದ್ದು ಯಾವ ಅಂತಾರಾಷ್ಟ್ರೀಯ ಸಮ್ಮೇಳನದಲ್ಲೂ ಚರ್ಚೆಗೆ ಬರುವುದಿಲ್ಲ.

ಚಿಗರಿ ಬಸ್ಸು ನಿಜವಾಗಲೂ ಪರಿಸರಕ್ಕೆ ಒಳ್ಳೆಯದಾ? ಅದೂ ಡೀಸೆಲ್ ಗಾಡಿನೇ ಅಲ್ವಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕೆಂದರೆ ದಿಲ್ಲಿಯ ನೀತಿಯ ಒಂದು ಮಾತು ನಮ್ಮೂರಿಗೆ ಹೇಗೆ ಬಂತು ಅನ್ನುವುದು ಇಲ್ಲೇ ಕಾಣುತ್ತದೆ.

2006ರ ನಗರ ಸಾರಿಗೆ ನೀತಿಯ ತಿರುಳು ಇಷ್ಟೇ: ರಸ್ತೆ ಇರುವುದು ಜನರನ್ನು ಸಾಗಿಸಲು, ಗಾಡಿಗಳನ್ನು ಸಾಗಿಸಲು ಅಲ್ಲ. ಆ ನೀತಿಯನ್ನು ಜಾರಿಗೆ ತರಲು ಕೇಂದ್ರ ಸರ್ಕಾರ ವಿಶ್ವಬ್ಯಾಂಕ್ ಸಾಲದೊಂದಿಗೆ ಸುಸ್ಥಿರ ನಗರ ಸಾರಿಗೆ ಯೋಜನೆ ಶುರು ಮಾಡಿತು, ಅದಕ್ಕೆ ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿ ಅನ್ನುವ ಅಂತಾರಾಷ್ಟ್ರೀಯ ಪರಿಸರ ನಿಧಿಯ ನೆರವೂ ಇತ್ತು. ಆ ಯೋಜನೆಗೆ ಹುಬ್ಬಳ್ಳಿ-ಧಾರವಾಡ ಸೇರಿತು. ಎರಡು ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಬಸ್ಸಿಗೇ ಮೀಸಲಾದ ದಾರಿ ಬಂತು. 2018ರಲ್ಲಿ ಪ್ರಾಯೋಗಿಕ ಓಡಾಟ, 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ. ನೀತಿ ಬರೆದು 14 ವರ್ಷ ಆಗಿತ್ತು. ಅದಕ್ಕೆ ಕಾಲ ಹಿಡಿಯಿತು, ನಿಜ. ಆದರೆ ಬಂದಿದ್ದು ಯಾಕೆ ಅಂತ ನೋಡಿ. ಗುರಿಯ ಜೊತೆ ದುಡ್ಡು ಬಂತು, ರಸ್ತೆಯಲ್ಲಿ ಅಳತೆ ಮಾಡಿ ಜಾಗ ಕೊಟ್ಟರು, ಹೊಣೆಗೆ ಅಂತಲೇ ಒಂದು ಕಂಪನಿ ಮಾಡಿದರು. ಈ ಮೂರೂ ಇಲ್ಲದ ಎಷ್ಟೋ ಒಳ್ಳೆಯ ಗುರಿಗಳು ಕಾಗದದಲ್ಲೇ ಉಳಿದಿವೆ.

ಈಗ ಹೊಗೆಯ ಲೆಕ್ಕ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಪೆಟ್ರೋಲಿಗೆ 2.3 ಕಿಲೋ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಅಂತ ಹಿಡಿಯಿರಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ 3 ಕಿಲೋ. ಲೀಟರಿಗೆ 50 ಕೊಡುವ ಬೈಕಿನಲ್ಲಿ ಒಬ್ಬರೇ ಹೋದರೆ 900 ಗ್ರಾಂ. ಎಸಿ ಬಸ್ಸು ಲೀಟರಿಗೆ 3 ಕಿಲೋಮೀಟರ್ ಮಾತ್ರ ಓಡುತ್ತದೆ ಅಂತಲೇ ಇಟ್ಟುಕೊಳ್ಳೋಣ, ಆಗ ಇಡೀ ಬಸ್ಸಿಗೆ 18 ಕಿಲೋ. ಅದರಲ್ಲಿ 50 ಜನ ಇದ್ದರೆ ತಲೆಗೆ 360 ಗ್ರಾಂ. ಕಾರಿನ ಎಂಟನೇ ಒಂದು ಭಾಗ, ಬೈಕಿನ ಅರ್ಧಕ್ಕಿಂತ ಕಡಿಮೆ.

ಆದರೆ ಅದೇ ಬಸ್ಸಿನಲ್ಲಿ 10 ಜನ ಇದ್ದರೆ? ತಲೆಗೆ 1.8 ಕಿಲೋ. ಬೈಕಿನ ಎರಡು ಪಟ್ಟು. ಅಂದರೆ ಬಸ್ಸು ಪರಿಸರಕ್ಕೆ ಒಳ್ಳೆಯದಾಗುವುದು ಅದರಲ್ಲಿ ಜನ ಕೂತಾಗ. ಜನ ಕೂರುವುದು ಬಸ್ಸು ಹೊತ್ತಿಗೆ ಸರಿಯಾಗಿ ಬಂದಾಗ, ನಿಲ್ದಾಣಕ್ಕೆ ಹೋಗೋದು ಸಲೀಸಾದಾಗ, ಒಳಗೆ ತಂಪಾಗಿ ಇದ್ದಾಗ. ಎಸಿ ಕೆಟ್ಟ ಬಸ್ಸು, ತೆರೆಯದ ಬಾಗಿಲು ಇವನ್ನು ದುರಸ್ತಿ ವಿಭಾಗದ ಸಣ್ಣ ವಿಷಯ ಅಂತ ತಳ್ಳಿಹಾಕುವ ಹಾಗಿಲ್ಲ. ಅಲ್ಲಿಂದಲೇ ಜನ ಬೈಕಿಗೆ ಹೋಗುವುದು.

ಮರಗಳು ಹೋದವಲ್ಲ, ಅದಕ್ಕೇನು ಹೇಳುತ್ತೀರಿ?

ಹೋದವು, ಅದು ಸುಳ್ಳಲ್ಲ. ಧಾರವಾಡದ ರಸ್ತೆಯ ಎರಡೂ ಬದಿಯ ನೆರಳು ನೆನಪಿದ್ದವರಿಗೆ ಇವತ್ತಿನ ಆ ಬಿಸಿಲು ಒಪ್ಪಿಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪರಿಸರಕ್ಕೆ ಅಂತ ಮಾಡಿದ ಯೋಜನೆಯೇ ಮರ ತಿಂದಿತು ಅನ್ನುವ ಮಾತಿಗೆ ನನ್ನ ಹತ್ತಿರ ಪೂರ್ತಿ ಸಮಾಧಾನ ಇಲ್ಲ. ಆ ರಸ್ತೆಯಲ್ಲಿ ಬಸ್ಸಿಗೆ ಜಾಗ ಕೊಟ್ಟ ಮೇಲೂ ಕಾರು-ಬೈಕಿನ ಜಾಗ ಒಂದಿಂಚೂ ಕಡಿಮೆ ಆಗಬಾರದು ಅಂತ ಹಟ ಹಿಡಿದರೆ ರಸ್ತೆ ಅಗಲ ಆಗಲೇಬೇಕು, ಆಗ ಮರ ಹೋಗಲೇಬೇಕು. ಮುಂದೆ ಯಾವ ಊರಿನಲ್ಲಿ ಇಂಥ ಯೋಜನೆ ಬಂದರೂ ನಕ್ಷೆ ಹಂತದಲ್ಲೇ ಈ ಪ್ರಶ್ನೆ ಎತ್ತಬೇಕು: ಇರುವ ಅಗಲದೊಳಗೇ ಬಸ್ಸಿಗೆ ಜಾಗ ಕೊಡಲು ಆಗುತ್ತದಾ?

ನೆಟ್ಟ ಸಸಿಗಳ ಲೆಕ್ಕವನ್ನು ನೆಟ್ಟ ದಿನ ಕೊಟ್ಟರೆ ಪ್ರಯೋಜನ ಇಲ್ಲ. ಮೂರು ಬೇಸಿಗೆ ದಾಟಿದ ಮೇಲೆ ಎಷ್ಟು ಬದುಕಿವೆ ಅಂತ ಕೊಡಬೇಕು. ಹಸಿರು ಹೆದ್ದಾರಿ ನೀತಿಯಲ್ಲಿ ಯೋಜನಾ ವೆಚ್ಚದ 1 ಪ್ರತಿಶತ ಗಿಡಮರಕ್ಕೆ ಅಂತ ಇದೆ. ದುಡ್ಡು ಇದೆ ಅಂದ ಮೇಲೆ ಲೆಕ್ಕ ಕೇಳುವುದು ತಪ್ಪಲ್ಲ.

ಎಲ್ಲಾ ಗಾಡಿ ಎಲೆಕ್ಟ್ರಿಕ್ ಮಾಡಿಬಿಟ್ಟರೆ ಮುಗೀತಲ್ಲ?

ಅರ್ಧ ಮುಗೀತು. ಹೊಗೆ ಹೋಗುತ್ತದೆ, ಸದ್ದು ಕಡಿಮೆ ಆಗುತ್ತದೆ. ಆದರೆ ಕೊಪ್ಪೀಕರ್ ರಸ್ತೆಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಿಕ್ ಕಾರು ಕೂಡ ಸಿಕ್ಕಿಬಿದ್ದ ಕಾರೇ. ಅದರ ಚಕ್ರವೂ ಧೂಳು ಎಬ್ಬಿಸುತ್ತದೆ, ಅದಕ್ಕೂ ಪಾರ್ಕಿಂಗ್ ಜಾಗ ಬೇಕು.

ಕೇಂದ್ರ ಸರ್ಕಾರ 2015ರಿಂದ ಫೇಮ್ ಯೋಜನೆಯಲ್ಲಿ, 2024ರಿಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ವಾಹನಗಳಿಗೆ ಸಹಾಯಧನ ಕೊಡುತ್ತಿದೆ. ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ರಾಜ್ಯ. 2023ರಲ್ಲಿ ಬಂದ ಪಿಎಂ-ಇ-ಬಸ್ ಸೇವಾ ಯೋಜನೆಯಲ್ಲಿ ದೇಶದ ನಗರಗಳಿಗೆ 10,000 ವಿದ್ಯುತ್ ಬಸ್ಸು ಕೊಡುವ ಮಾತಿದೆ. ನನ್ನ ಅಭಿಪ್ರಾಯ ಕೇಳಿದರೆ ಸಹಾಯಧನದ ಮೊದಲ ಪಾಲು ಬಸ್ಸಿಗೆ, ಎರಡನೆಯದು ಆಟೋ ಮತ್ತು ಸರಕು ಒಯ್ಯುವ ಸಣ್ಣ ಗಾಡಿಗಳಿಗೆ ಹೋಗಬೇಕು. ದಿನವಿಡೀ ಓಡುವ ಗಾಡಿ ವಿದ್ಯುತ್ತಿಗೆ ಬದಲಾದರೆ ಉಳಿತಾಯ ಜಾಸ್ತಿ. ವಾರಕ್ಕೊಮ್ಮೆ ಮನೆಯಿಂದ ಹೊರಬರುವ ದುಬಾರಿ ಕಾರಿಗೆ ಜನರ ತೆರಿಗೆ ದುಡ್ಡು ಯಾಕೆ?

ಆ ಕರೆಂಟೂ ಕಲ್ಲಿದ್ದಲಿನಿಂದಲೇ ಬರೋದಲ್ವಾ?

ಸ್ವಲ್ಪ ಹೌದು. ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಉರಿಯುತ್ತದೆ. ಆದರೆ ನಮ್ಮ ರಾಜ್ಯದಲ್ಲಿ ಶರಾವತಿ, ಕಾಳಿಯ ಜಲವಿದ್ಯುತ್ತು ಇದೆ, ಪಾವಗಡದ ಬಿಸಿಲು ಇದೆ, ಗದಗ ಕಡೆಯ ಗಾಳಿ ಇದೆ. ಗದಗದಿಂದ ಮುಂಡರಗಿ ಕಡೆಗೆ ಹೋಗುವಾಗ ತಿರುಗುವ ಗಾಳಿಯಂತ್ರಗಳನ್ನು ನೀವೇ ನೋಡಿರುತ್ತೀರಿ. ಜೊತೆಗೆ, ಪೆಟ್ರೋಲ್ ಎಂಜಿನ್ ತನಗೆ ಹಾಕಿದ ಇಂಧನದ ಕಾಲು ಭಾಗದ ಆಸುಪಾಸಿನಷ್ಟನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ, ವಿದ್ಯುತ್ ಮೋಟಾರು ಮುಕ್ಕಾಲಿಗಿಂತ ಜಾಸ್ತಿ ಮುಟ್ಟಿಸುತ್ತದೆ.

ಹಾಗಂತ ಗಾಳಿಯಂತ್ರ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ 2019ರಲ್ಲಿ ವನ್ಯಜೀವಿ ಧಾಮದ ಮಾನ್ಯತೆ ಸಿಕ್ಕಿದ್ದು ಜನ ವರ್ಷಗಟ್ಟಲೆ ಹೋರಾಡಿದ ಮೇಲೆ. ಹಸಿರು ವಿದ್ಯುತ್ತಿನ ಹೆಸರಲ್ಲಿ ಗುಡ್ಡ ಬಗೆಯುವುದನ್ನು ಯಾರೂ ಒಪ್ಪಬಾರದು.

ಎಥೆನಾಲ್ ಪೆಟ್ರೋಲಿನಿಂದ ಹಾವೇರಿ ರೈತರಿಗೆ ಲಾಭ ಇದೆಯಂತೆ, ಅದು ಪರಿಸರಕ್ಕೂ ಒಳ್ಳೆಯದಾ?

ಪೆಟ್ರೋಲಿಗೆ 20 ಪ್ರತಿಶತ ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಟ್ಟಿದ್ದರು, ಆಮೇಲೆ 2025-26ಕ್ಕೆ ಹಿಂದಕ್ಕೆ ತಂದರು. ಕಬ್ಬಿನ ಜೊತೆ ಗೋವಿನಜೋಳವೂ ಎಥೆನಾಲಿಗೆ ಹೋಗುತ್ತಿದೆ. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ದೊಡ್ಡ ಬೆಳೆ, ಹಾಗಾಗಿ ಒಳ್ಳೆ ರೇಟು ಸಿಗುವ ಆಸೆ ರೈತರಿಗೆ ಇರುವುದು ಸಹಜ, ಸಿಗಲೂ ಬೇಕು.

ಆದರೆ ಕೊಳವೆಬಾವಿ ನೀರು ಹಾಯಿಸಿ, ಯೂರಿಯಾ ಸುರಿದು ಬೆಳೆದ ಬೆಳೆಯಿಂದ ಮಾಡಿದ ಇಂಧನವನ್ನು ಪೂರ್ತಿ ಹಸಿರು ಅನ್ನಲು ಆಗುವುದಿಲ್ಲ. ನೀರಿನ ಲೆಕ್ಕ, ಗೊಬ್ಬರದ ಲೆಕ್ಕ, ದನಕ್ಕೆ ಕೋಳಿಗೆ ಬೇಕಾದ ಮೇವಿನ ಲೆಕ್ಕ ಎಲ್ಲ ಸೇರಿಸಿ ನೋಡಬೇಕು. ಹಳೇ ಬೈಕ್ ಇರುವವರು ಮೈಲೇಜ್ ಬಗ್ಗೆ ಕೇಳುವ ಪ್ರಶ್ನೆಯೂ ಸುಳ್ಳಲ್ಲ, ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಕಡಿಮೆ. ಬೆಳೆ ತೆಗೆದ ಮೇಲೆ ಉಳಿಯುವ ದಂಟು, ಸೊಪ್ಪೆಯಿಂದ ಇಂಧನ ಮಾಡುವ ದಾರಿಗೆ ಜಾಸ್ತಿ ದುಡ್ಡು ಹಾಕಿದರೆ ಈ ಜಗಳ ಎಷ್ಟೋ ಕಡಿಮೆ ಆಗುತ್ತದೆ.

ಬಿಎಸ್-6, ಹಳೇ ಗಾಡಿ ಗುಜರಿಗೆ ಹಾಕೋದು, ಇವುಗಳಿಂದ ಉಪಯೋಗ ಆಗಿದೆಯಾ?

ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ಮಿತಿಗಳಲ್ಲಿ ಬಿಎಸ್-6 ನಿಜವಾಗಲೂ ದೊಡ್ಡ ಹೆಜ್ಜೆ. 2020ರ ಏಪ್ರಿಲ್ 1ರಿಂದ ದೇಶ ಬಿಎಸ್-4ರಿಂದ ನೇರವಾಗಿ ಅದಕ್ಕೆ ಹಾರಿತು, ಇಂಧನದಲ್ಲಿರುವ ಗಂಧಕ ಐದನೇ ಒಂದು ಭಾಗಕ್ಕೆ ಇಳಿಯಿತು. ಗುಜರಿ ನೀತಿ 2021ರದ್ದು. 15 ವರ್ಷ ದಾಟಿದ ಸರ್ಕಾರಿ ಗಾಡಿಗಳು 2023ರ ಏಪ್ರಿಲಿನಿಂದ ರಸ್ತೆಗೆ ಬರುವಂತಿಲ್ಲ. ಖಾಸಗಿ ಗಾಡಿಗಳಿಗೆ ಫಿಟ್‌ನೆಸ್ ಪರೀಕ್ಷೆ ಇದೆ. ಹೊಗೆ ತಪಾಸಣೆಯ ಚೀಟಿ ಗಾಡಿಯನ್ನೇ ನೋಡದೆ ಸಿಗುವವರೆಗೆ ಮಾತ್ರ ಇದೆಲ್ಲ ಅರ್ಧಂಬರ್ಧ.

ಲಾರಿಗಳ ಸರಕನ್ನು ರೈಲಿಗೆ ಹಾಕೋದು ಅಷ್ಟು ಕಷ್ಟವಾ?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನಲ್ಲಿ 80 ಪ್ರತಿಶತಕ್ಕೂ ಜಾಸ್ತಿ ರೈಲಿನಲ್ಲೇ ಹೋಗುತ್ತಿತ್ತು. ಈಗ ಮೂರನೇ ಒಂದು ಭಾಗವೂ ಇಲ್ಲ. ಒಂದು ಟನ್ ಸರಕನ್ನು ಅಷ್ಟೇ ದೂರ ಒಯ್ಯಲು ರೈಲಿಗೆ ಲಾರಿಗಿಂತ ಎಷ್ಟೋ ಕಡಿಮೆ ಇಂಧನ ಸಾಕು, ಆದರೂ ಹೀಗಾಗಿದೆ.

ಕಾರಣ ಬ್ಯಾಡಗಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಮೆಣಸಿನಕಾಯಿ ಚೀಲ ಹೊಲದಿಂದ ಟೆಂಪೋದಲ್ಲಿ ಮಾರ್ಕೆಟ್ಟಿಗೆ ಬರುತ್ತದೆ, ಟೆಂಡರ್ ಆಗುತ್ತದೆ, ಕೆಲವು ಕೋಲ್ಡ್ ಸ್ಟೋರೇಜಿಗೆ, ಉಳಿದವು ಲಾರಿಗೆ. ಒಬ್ಬ ವ್ಯಾಪಾರಿಯ ಹತ್ತಿರ ಇಡೀ ಗೂಡ್ಸ್ ರೈಲು ತುಂಬುವಷ್ಟು ಮಾಲು ಇರುವುದಿಲ್ಲ. ಲಾರಿ ಬಾಗಿಲಿಗೇ ಬರುತ್ತದೆ, ಅದೇ ರಾತ್ರಿ ಪುಣೆ-ಬೆಂಗಳೂರು ಹೆದ್ದಾರಿ ಹಿಡಿಯುತ್ತದೆ. ರೈಲಿಗೆ ಹಾಕಬೇಕೆಂದರೆ ಎರಡು ಸಲ ಇಳಿಸಬೇಕು, ಏರಿಸಬೇಕು, ಹಮಾಲಿ ಖರ್ಚು ಮೇಲೆ. ಹಾಗಾಗಿ 45 ಪ್ರತಿಶತದ ಗುರಿ ಮುಟ್ಟಬೇಕಾದರೆ ಹೊಸ ಹಳಿಯಷ್ಟೇ ಸಾಲದು. ಸಣ್ಣ ವ್ಯಾಪಾರಿಗಳ ಮಾಲು ಒಟ್ಟುಗೂಡಿಸಿ ಕಂಟೇನರಿಗೆ ತುಂಬುವ ವ್ಯವಸ್ಥೆ ಮಾರ್ಕೆಟ್ ಪಕ್ಕದಲ್ಲೇ ಬೇಕು, ಇಂಥ ಹೊತ್ತಿಗೆ ಹೊರಡುತ್ತದೆ ಅಂತ ಭರವಸೆ ಕೊಡುವ ಗೂಡ್ಸ್ ಗಾಡಿ ಬೇಕು. ಹೊಸಪೇಟೆಯಿಂದ ಗದಗ, ಹುಬ್ಬಳ್ಳಿ ಮೇಲೆ ತಿನೈಘಾಟ್‌ವರೆಗಿನ ಹಳಿ ವಿದ್ಯುದೀಕರಣ 2023ಕ್ಕೆ ಮುಗಿದಿದೆ, ಅದರ ಪೂರ್ತಿ ಲಾಭ ಸಿಗುವುದು ಹೀಗೆ ಮಾಲು ಬಂದಾಗ.

ರೈಲು ಒಳ್ಳೆಯದು ಅಂದಮೇಲೆ ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಪರಿಸರದವರು ಯಾಕೆ ಅಡ್ಡ ಬರ್ತಾರೆ?

ನಮ್ಮ ಕಡೆ ಅತಿ ಹೆಚ್ಚು ಸಿಟ್ಟಿನಿಂದ ಕೇಳುವ ಪ್ರಶ್ನೆ ಇದು. 1990ರ ದಶಕದಿಂದ ಈ ಮಾರ್ಗದ ಮಾತು ಇದೆ. ಉದ್ದ ಸುಮಾರು 164 ಕಿಲೋಮೀಟರ್. ಕಲಘಟಗಿ ದಾಟಿದ ಮೇಲೆ ಯಲ್ಲಾಪುರದ ಕಾಡು, ಘಟ್ಟ. ಇದಕ್ಕೆ ಬೇಕಾಗುವ ಅರಣ್ಯ ಭೂಮಿ ಸುಮಾರು 600 ಹೆಕ್ಟೇರ್, ಅದೂ ಮೊದಲಿನ ನಕ್ಷೆಗಿಂತ ಕಡಿಮೆ ಮಾಡಿದ ಮೇಲೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಸುಪಾಸು, ಆನೆ ಓಡಾಡುವ ದಾರಿ.

ಬಳ್ಳಾರಿ-ಹೊಸಪೇಟೆಯ ಅದಿರು ಕರಾವಳಿಗೆ ಹೋಗಬೇಕು ಅನ್ನುವುದು ಮೂಲ ಉದ್ದೇಶ. ಹುಬ್ಬಳ್ಳಿ ವ್ಯಾಪಾರಿಗಳಿಗೆ, ಕಾರವಾರದ ಜನರಿಗೆ ಆಗುವ ಅನುಕೂಲವೂ ನಿಜವೇ. ಆದರೆ ಘಟ್ಟದ ಕಾಡು ಮಳೆ ಹಿಡಿಯುವ ಕಾಡು, ಆ ಮಳೆಯನ್ನು ಕಾಯುವುದು ನಮ್ಮ ಬಯಲುಸೀಮೆ. ಅಲ್ಲಿ ಕಡಿದದ್ದಕ್ಕೆ ಬೇರೆ ಎಲ್ಲೋ ನೆಟ್ಟ ಸಸಿ ಸಮ ಆಗುವುದಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗಗಳೇ ಇಲ್ಲ. ಅರಣ್ಯದ ಅನುಮತಿ, ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು, ಆದರೆ ದೊಡ್ಡ ಹೆದ್ದಾರಿಗೆ ಬೇಕಾದ ಪರಿಸರ ಅನುಮತಿ ರೈಲಿಗೆ ಬೇಕಿಲ್ಲ. ಹಾಗಾಗಿ ಎಲ್ಲರೂ ಒಂದೇ ಕಡೆ ಕೂತು ಲಾಭ-ನಷ್ಟ ತೂಗುವ ಸಾರ್ವಜನಿಕ ವಿಚಾರಣೆಯ ಜಾಗವೇ ಇಲ್ಲದೆ, ಜಗಳವೆಲ್ಲ ಕೋರ್ಟಿಗೆ ಹೋಗುತ್ತದೆ, ದಶಕಗಟ್ಟಲೆ ಎಳೆಯುತ್ತದೆ. ರೈಲು ಮಾರ್ಗಗಳನ್ನೂ ಆ ಪಟ್ಟಿಗೆ ಸೇರಿಸಬೇಕು ಅನ್ನುವುದು ನನ್ನ ಖಚಿತ ನಿಲುವು. ಅದರಿಂದ ಒಳ್ಳೆ ಮಾರ್ಗಗಳ ತೀರ್ಮಾನವೂ ಬೇಗ ಆಗುತ್ತದೆ.

ಶಕ್ತಿ ಯೋಜನೆಗೂ ಪರಿಸರಕ್ಕೂ ಏನು ಸಂಬಂಧ?

2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಪ್ರಯಾಣ. ಅದನ್ನು ಪರಿಸರದ ಯೋಜನೆ ಅಂತ ಯಾರೂ ತಂದಿಲ್ಲ. ಆದರೆ ಜನ ಬಸ್ಸಿಗೆ ಬಂದರು. ಬಂದವರು ಉಳಿಯಬೇಕಾದರೆ ಬಸ್ಸಿನ ಸಂಖ್ಯೆ ಹೆಚ್ಚಬೇಕು, ಇಲ್ಲದಿದ್ದರೆ ಜೋತು ಬಿದ್ದು ಹೋಗುವ ಕಾಲೇಜು ಹುಡುಗರು ನಾಳೆ ಸಾಲ ಮಾಡಿ ಬೈಕ್ ತಗೋತಾರೆ.

ನಡೆಯೋರು, ಸೈಕಲ್ ಹೊಡೆಯೋರ ಬಗ್ಗೆ ನೀತಿಯಲ್ಲಿ ಏನಿದೆ?

2006ರ ನೀತಿಯಲ್ಲೇ ಇದೆ, ರಸ್ತೆಯಲ್ಲಿ ಅವರಿಗೂ ಪಾಲು ಕೊಡಬೇಕು ಅಂತ. ಆದರೆ ನವನಗರದ ಹತ್ತಿರ ಒಂದು ಸಂಜೆ ನಿಂತು ನೋಡಿ. ಚಿಗರಿ ನಿಲ್ದಾಣ ರಸ್ತೆ ನಡುವೆ ಇದೆ. ಕೈಯಲ್ಲಿ ಚೀಲ ಹಿಡಿದ ಒಬ್ಬ ಅಜ್ಜಿ ಈ ಬದಿಯಿಂದ ಅಲ್ಲಿಗೆ ಹೋಗಬೇಕು. ಒಂದು ಹೆಜ್ಜೆ ಮುಂದಿಡುತ್ತಾರೆ, ಬೈಕ್ ಹಾರ್ನ್ ಹೊಡೆದು ಹೋಗುತ್ತದೆ, ಹಿಂದೆ ಸರಿಯುತ್ತಾರೆ. ಮತ್ತೆ ಮುಂದೆ. ಅಷ್ಟರಲ್ಲಿ ಬಸ್ಸು ಬಂದು, ಬಾಗಿಲು ತೆರೆದು ಮುಚ್ಚಿ, ಹೋಗಿಬಿಡುತ್ತದೆ. ಕೋಟಿಗಟ್ಟಲೆ ಖರ್ಚಿನ ಯೋಜನೆ ಕೆಲಸ ಮಾಡದೆ ಹೋಗುವುದು ಆ ಕೊನೆಯ 15 ಮೀಟರಿನಲ್ಲಿ. ಅಲ್ಲಿ ಸಿಗ್ನಲ್ ಹೊತ್ತು ಸ್ವಲ್ಪ ಉದ್ದ ಮಾಡುವುದು, ಗಾಡಿ ನಿಧಾನ ಆಗುವಂತೆ ದಾಟುವ ಜಾಗವನ್ನು ಎತ್ತರಿಸುವುದು, ಫುಟ್‌ಪಾತ್ ಮೇಲಿನ ಬೈಕ್ ತೆಗೆಸುವುದು, ಇವು ಅಗ್ಗದ ಕೆಲಸಗಳು.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಕೊನೆಗೆ ಬಡವರ ಮೇಲೇ ಬೀಳುತ್ತಾ?

ದುಡ್ಡು ಇದೆ, ಹೋಗುವ ದಾರಿ ಬೇರೆ ಇದೆ. ನಾವು ಪೆಟ್ರೋಲ್, ಡೀಸೆಲ್ ಹಾಕಿಸುವಾಗ ಕೊಡುವ ಸೆಸ್ ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ನಿಧಿಗೆ ಹೋಗುತ್ತದೆ, ಅದರ ದೊಡ್ಡ ಪಾಲು ರಸ್ತೆಗೆ. ಅದರಲ್ಲಿ ಒಂದು ನಿಗದಿತ ಭಾಗ ಸಿಟಿ ಬಸ್ಸು, ಹಳ್ಳಿ ಬಸ್ಸಿಗೆ ಪ್ರತಿ ವರ್ಷ ಬರಬೇಕು. ಬಸ್ಸು ಕೊಳ್ಳಲು ಒಮ್ಮೆ ಕೊಟ್ಟು ಕೈತೊಳೆದುಕೊಂಡರೆ ಆಗಲ್ಲ, ಓಡಿಸುವುದಕ್ಕೂ ದುರಸ್ತಿಗೂ ಬೇಕು.

ಬಡವರ ವಿಷಯ: ಟಂಟಂ ಓಡಿಸಿ ಮನೆ ನಡೆಸುವವನಿಗೆ ನಾಳೆಯಿಂದ ನಿನ್ನ ಗಾಡಿ ನಡೆಯಲ್ಲ ಅಂದರೆ ಅದು ಅನ್ಯಾಯ. ಅವನಿಗೆ ಕಡಿಮೆ ಬಡ್ಡಿಯ ಸಾಲ, ಬ್ಯಾಟರಿ ಬದಲಿಸುವ ಕೇಂದ್ರ, ಹಳೇ ಗಾಡಿಗೆ ಒಳ್ಳೆ ಬೆಲೆ ಮೊದಲು ಕೊಟ್ಟು, ನಿಯಮ ಆಮೇಲೆ ತರಬೇಕು.

ನಮ್ಮಂಥವರು ಎಲ್ಲಿ ಹೋಗಿ ಏನು ಕೇಳಬೇಕು?

ಪರಿಸರ ಅನುಮತಿ ಬೇಕಾದ ಹೆದ್ದಾರಿ ಯೋಜನೆ ನಿಮ್ಮ ಜಿಲ್ಲೆಗೆ ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ವಿಚಾರಣೆ ನಡೆಸಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ ಇರಲೇಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತಿಯಲ್ಲಿ ನೋಡಲು ಸಿಗುತ್ತದೆ. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು, ಇಲ್ಲ ಅಂದರೆ ಬರೆದು ಕೇಳಿ. ವಿಚಾರಣೆಯಲ್ಲಿ ಮಾತಾಡಲು ಹೊಲ ಹೋದವರೇ ಆಗಬೇಕಿಲ್ಲ, ಆ ಭಾಗದ ಯಾರು ಬೇಕಾದರೂ ಮಾತಾಡಬಹುದು, ಬರಲು ಆಗದಿದ್ದರೆ ಬರಹದಲ್ಲಿ ಕೊಡಬಹುದು.

ಮಾತಾಡುವಾಗ ಬರೀ "ಬೇಡ" ಅಂತ ನಿಲ್ಲಿಸಬೇಡಿ. ಅದೇ ದುಡ್ಡಿಗೆ ಬಸ್ಸು ಅಥವಾ ರೈಲಿನ ಪರ್ಯಾಯ ನೋಡಿದ್ದೀರಾ, ನೋಡಿದ್ದರೆ ವರದಿಯ ಯಾವ ಪುಟದಲ್ಲಿದೆ ಅಂತ ಕೇಳಿ. ಉತ್ತರ ನಡಾವಳಿಯಲ್ಲಿ ದಾಖಲಾಗಿದೆಯಾ ಅಂತ ಎದ್ದು ಬರುವ ಮುಂಚೆ ನೋಡಿಕೊಳ್ಳಿ, ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು ಅನ್ನುವುದು ನಿಯಮದಲ್ಲೇ ಇದೆ.